ಹೃದಯಾಘಾತದ ನಂತರ ಹೃದಯದಲ್ಲಿ ಆಗುವುದೇನು?
(ಉಪನ್ಯಾಸದ ಬರಹರೂಪ)



ಎದೆನೋವು ಬಂದಾಗ ಏನು ಮಾಡಬೇಕೆಂದು ಹೇಳುವವರು ಬಹಳ ಮಂದಿ ಇದ್ದಾರೆ. ನೋವು ನಿಂತ ಮೇಲೆ ಹೃದಯದೊಳಗೆ ನಡೆಯುವುದನ್ನು ಹೇಳುವವರು ಕಡಿಮೆ. ಇಂದು ಆ ವಿಷಯವನ್ನೇ ನಿಮ್ಮ ಮುಂದಿಡುತ್ತೇನೆ.

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಮುಚ್ಚಿಕೊಂಡರೆ ಅರ್ಧ ಗಂಟೆಯೊಳಗೇ ಆ ಭಾಗ ಸಾಯತೊಡಗುತ್ತದೆ. ಬೇಗ ನಾಳ ತೆರೆದಷ್ಟೂ ಉಳಿಯುವ ಸ್ನಾಯು ಹೆಚ್ಚು. ಇದಕ್ಕಾಗಿಯೇ 2023ರಲ್ಲಿ ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂತು. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡುವುದು ಅದರ ಉದ್ದೇಶ. ಬೆಂಗಳೂರಿನ ಜಯದೇವ ಆಸ್ಪತ್ರೆ ಇಲ್ಲಿಂದ ಸುಮಾರು 150 ಕಿಲೋಮೀಟರ್. ಸ್ನಾಯು ಅಷ್ಟು ಹೊತ್ತು ಕಾಯುವುದಿಲ್ಲ.

ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ. ಆರೆಂಟು ವಾರಗಳಲ್ಲಿ ಅಲ್ಲೊಂದು ಗಟ್ಟಿ ಕಲೆ ಮೂಡುತ್ತದೆ. ಹರಿದ ಬಟ್ಟೆಗೆ ಹಾಕಿದ ತೇಪೆಯಂತೆ ಅದು ಹಿಡಿದಿಡುತ್ತದೆಯೇ ಹೊರತು ಮಿಡಿಯುವುದಿಲ್ಲ.

ಆರೋಗ್ಯವಂತ ಹೃದಯದ ಎಡ ಕೆಳಕೋಣೆ ಸುಲಿಯದ ತೆಂಗಿನಕಾಯಿಯಂತೆ ನೀಳವಾಗಿ, ತುದಿಯಲ್ಲಿ ಕಿರಿದಾಗಿರುತ್ತದೆ. ದೊಡ್ಡ ಆಘಾತವಾದರೆ ಸತ್ತ ಭಾಗ ತೆಳುವಾಗಿ ಹಿಗ್ಗುತ್ತದೆ. ಉಳಿದ ಸ್ನಾಯು ಅದರ ಪಾಲಿನ ಕೆಲಸವನ್ನೂ ಹೊತ್ತು ತಾನೂ ಹಿಗ್ಗುತ್ತದೆ. ತಿಂಗಳುಗಳು ಕಳೆದಂತೆ ಕೋಣೆ ಸುಲಿದ ಕಾಯಿಯಂತೆ ಗುಂಡಗಾಗುತ್ತದೆ. ತಿಪಟೂರಿನವರಿಗೆ ಇದನ್ನು ಚಿತ್ರ ಬರೆದು ತೋರಿಸಬೇಕಿಲ್ಲ!

ಗುಂಡಗಾದರೆ ತೊಂದರೆಯೇನು? ಕೋಣೆ ಅಗಲವಾದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ವಿಜ್ಞಾನದ ವಿದ್ಯಾರ್ಥಿಗಳು ಲಾಪ್ಲಾಸ್ ನಿಯಮವನ್ನು ನೆನೆಯಬಹುದು. ಎಳೆತದಿಂದ ಮತ್ತಷ್ಟು ಹಿಗ್ಗುತ್ತದೆ. ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತದೆ. ಸಾಮಾನ್ಯವಾಗಿ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಶೇಕಡ 55ರಿಂದ 70ರಷ್ಟು ಪ್ರತಿ ಮಿಡಿತಕ್ಕೂ ಹೊರಬೀಳುತ್ತದೆ. ಎಕೋ ವರದಿಯಲ್ಲಿ ಅದು 40ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿದ್ದರೆ ಹೃದಯ ಸೋಲುತ್ತಿದೆ ಎಂದರ್ಥ.

ಈ ಬದಲಾವಣೆಯನ್ನು ತಡೆಯಬಹುದು. ಬ್ರೆಜಿಲ್ ದೇಶದ ವಿಷದ ಹಾವೊಂದರ ಅಧ್ಯಯನದಿಂದ ಹುಟ್ಟಿದ ಕ್ಯಾಪ್ಟೊಪ್ರಿಲ್ ಎಂಬ ಔಷಧಿಯನ್ನು ಆಘಾತದ ನಂತರದ ರೋಗಿಗಳಿಗೆ ಕೊಟ್ಟು ನೋಡಿದರು. 1992ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 2,231 ಮಂದಿ ಇದ್ದರು. ಔಷಧಿ ಪಡೆದವರಲ್ಲಿ ಸಾವು ಶೇಕಡ 19ರಷ್ಟು ಕಡಿಮೆಯಾಗಿತ್ತು. ಇಂದು ಕೊಡುವ ರಾಮಿಪ್ರಿಲ್ ಅದೇ ಬಳಗದ್ದು.

ನನ್ನನ್ನು ಕಾಡುವ ವಿಷಯ ಇಲ್ಲಿದೆ. ಸ್ಟೆಂಟ್ ಹಾಕಿಸಿಕೊಂಡು ಬಂದವರು ನಾಲ್ಕು ತಿಂಗಳಿಗೇ "ಈಗ ಚೆನ್ನಾಗಿದ್ದೀನಿ, ಮಾತ್ರೆ ಯಾಕೆ?" ಎಂದು ನಿಲ್ಲಿಸಿಬಿಡುತ್ತಾರೆ. ಸ್ಟೆಂಟ್ ನಾಳವನ್ನು ತೆರೆದಿಡುತ್ತದೆ. ಹಿಗ್ಗುತ್ತಿರುವ ಕೋಣೆಯನ್ನು ಹಿಡಿದು ನಿಲ್ಲಿಸುವುದು ಮಾತ್ರೆಗಳು. ಹಿಗ್ಗುವಾಗ ನೋವೂ ಇರುವುದಿಲ್ಲ. ಮಲಗಿದಾಗ ಉಸಿರು ಕಟ್ಟಿ, ಕಾಲು ಊದಿಕೊಂಡ ಮೇಲೆಯೇ ಗೊತ್ತಾಗುವುದು.

ನಮ್ಮ ಸೀಮೆಯವರಿಗೆ ಇನ್ನೊಂದು ಮಾತು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳೂ ರಕ್ತದಲ್ಲಿ ಅದನ್ನು ಏರಿಸುತ್ತವೆ. ಇವುಗಳನ್ನು ನುಂಗುವವರು ದಿನವೂ ಎಳನೀರು ಕುಡಿಯುವ ಮೊದಲು ವೈದ್ಯರನ್ನು ಕೇಳಬೇಕು. ರಂಜಾನಿನಲ್ಲಿ ಮಾತ್ರೆಗಳನ್ನು ಸಹರಿಗೋ ಇಫ್ತಾರಿಗೋ ಹೊಂದಿಸುವುದನ್ನೂ, ರೋಜಾ ಹಿಡಿಯಬಹುದೇ ಎಂಬುದನ್ನೂ ತಿಂಗಳು ಶುರುವಾಗುವ ಮುನ್ನವೇ ಅವರೊಡನೆ ಮಾತಾಡಿ. ಹೋಗುವಾಗ ಹಳೆಯ ಎಕೋ ವರದಿ ಕೈಯಲ್ಲಿರಲಿ.