ಮಷಿನ್ ಆಮೇಲೆ, ಬೆರಳು ಮೊದಲು: ಮನೆಯ ಮರಗೆಲಸಕ್ಕೆ ಕಾರ್ಡ್‌ಲೆಸ್ ಗರಗಸ ಆರಿಸುವ ಬಗೆ

ನಾನು ಅರಸೀಕೆರೆ ಕಡೆಯವನು. ಈಗ ಪುಣೆಯ ವಾಕಡ್‌ನಲ್ಲಿ ಇದ್ದೀನಿ, ಹಿಂಜವಡಿಯಲ್ಲಿ ಕೆಲಸ. ಸೋಮವಾರದಿಂದ ಶುಕ್ರವಾರದವರೆಗೆ ಸಾಫ್ಟ್‌ವೇರ್ ಟೆಸ್ಟಿಂಗ್, ಶನಿವಾರ ಭಾನುವಾರ ಮರಗೆಲಸ. ಇವತ್ತು ಮಾತಾಡೋಕೆ ಕರೆದಿರೋದು ಎರಡನೇ ಕೆಲಸದ ಬಗ್ಗೆ. ಮೊದಲನೇದರ ಬಗ್ಗೆ ಕೇಳೋಕೆ ನೀವ್ಯಾರೂ ಭಾನುವಾರ ಬರ್ತಿರಲಿಲ್ಲ, ಅದು ನನಗೂ ಗೊತ್ತು.

ನನ್ನ ಸ್ನೇಹಿತರಿಂದ ತಿಂಗಳಿಗೆ ಒಂದು ಸಲವಾದರೂ ವಾಟ್ಸಾಪ್‌ನಲ್ಲಿ ಇಂಥ ಮೆಸೇಜ್ ಬರುತ್ತೆ. ಕಾರ್ಡ್‌ಲೆಸ್ ಸರ್ಕ್ಯುಲರ್ ಸಾ, ಅಂದ್ರೆ ಬ್ಯಾಟರಿಯಲ್ಲಿ ಓಡುವ, ದುಂಡು ಬ್ಲೇಡಿನ ಕೈಗರಗಸ, ಅದರ ಎರಡು ಲಿಂಕ್ ಇರುತ್ತೆ. ಕೆಳಗೆ ಒಂದೇ ಸಾಲು: "ಯಾವ್ದು ಬೆಸ್ಟ್ ಹೇಳು ಮಾರಾಯ, ಆಫರ್ ಇವತ್ತು ರಾತ್ರಿ ಮುಗಿಯುತ್ತೆ." ನಾನು ಉತ್ತರ ಕೊಡೋ ಬದಲು ವಾಪಸ್ ಪ್ರಶ್ನೆ ಕೇಳ್ತೀನಿ: ಏನು ಕೊಯ್ತೀಯ? ಎಲ್ಲಿ ಕೂತು ಕೊಯ್ತೀಯ? ಅವರಿಗೆ ಸಿಟ್ಟು ಬರುತ್ತೆ. ಆದರೆ ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಮಷಿನ್ ತಾನಾಗೇ ಗೊತ್ತಾಗುತ್ತೆ. ನಾನು ಹೀಗೆ ಕೇಳೋದಕ್ಕೆ ಒಂದು ಕಾರಣ ಇದೆ, ಅದನ್ನು ಮೊದಲು ಹೇಳ್ತೀನಿ.

ಕೆಲವು ವರ್ಷದ ಹಿಂದೆ ಮನೆಯಿಂದಲೇ ಕೆಲಸ ಮಾಡೋದು ಶುರುವಾದಾಗ ನನಗೊಂದು ಟೇಬಲ್ ಬೇಕಿತ್ತು. ನಾನೇ ಮಾಡ್ತೀನಿ ಅಂತ ಹೊರಟೆ. ನಮ್ಮ ಫ್ಲಾಟ್‌ಗಳಿಗೆ ಕೆಲಸಕ್ಕೆ ಬರುವ ಬಡಗಿಗಳ ಕೈಯಲ್ಲಿ ಏನಿರುತ್ತೆ? ಮಾರ್ಬಲ್ ಕಟ್ಟರ್. ಟೈಲ್ಸ್, ಕಲ್ಲು ಕೊಯ್ಯೋ ಮಷಿನ್. ಅದಕ್ಕೇ ನಾಲ್ಕು ಇಂಚಿನ ಮರದ ಬ್ಲೇಡ್ ಹಾಕಿ ಪ್ಲೈವುಡ್ ಕೊಯ್ತಾರೆ. ಬೆಲೆ ಕಡಿಮೆ, ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತೆ. ನಾನೂ ಅದನ್ನೇ ತಂದೆ.

ಎರಡು ಪ್ಲಾಸ್ಟಿಕ್ ಕುರ್ಚಿ ಎದುರುಬದುರು ಇಟ್ಟು, ಮೇಲೆ 18 ಮಿಲಿಮೀಟರ್ ಪ್ಲೈವುಡ್ ಹಾಸಿ, ನಡುವೆ ಗೆರೆ ಎಳೆದು ಕೊಯ್ಯೋಕೆ ಶುರು ಮಾಡಿದೆ. ಮುಕ್ಕಾಲು ಭಾಗ ಚೆನ್ನಾಗೇ ಹೋಯ್ತು. ಆಮೇಲೆ ಹಲಗೆ ನಡುವೆ ಬಗ್ಗಿತು. ಕೊಯ್ದ ಸೀಳು ಮೇಲಿನಿಂದ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯಿತು. ಮರುಕ್ಷಣ ಮಷಿನ್ ನನ್ನ ಕಡೆಗೇ ಹಿಂದಕ್ಕೆ ಎಗರಿತು. ಎಡಗೈ ಹಲಗೆ ಮೇಲಿತ್ತು. ಬ್ಲೇಡ್ ಹೋಗಿದ್ದು ಹೆಬ್ಬೆರಳಿನಿಂದ ಒಂದು ಇಂಚು ಆಚೆ. ಶರ್ಟಿನ ಅಂಚು ಹರಿದು, ಕುರ್ಚಿಯ ಕೈ ಅರ್ಧ ಸೀಳಿತು. ಸ್ವಿಚ್ ಆಫ್ ಮಾಡಿದ ಮೇಲೂ ಬ್ಲೇಡ್ ತಿರುಗ್ತಾನೇ ಇತ್ತು. ಆ ಶಬ್ದ ಈಗಲೂ ಕಿವಿಯಲ್ಲಿದೆ.

ಆಗ ಅಪ್ಪ ಊರಿಂದ ಬಂದಿದ್ದರು, ಬಾಲ್ಕನಿ ಬಾಗಿಲಲ್ಲಿ ಕೂತು ಪೇಪರ್ ಓದ್ತಿದ್ದರು. ಆ ಹೊತ್ತಿಗೆ ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದರು: "ನಮ್ಮೂರ ಆಚಾರ್ರ ಕೈ ನೋಡಿದೀಯಲ್ಲ?" ನೋಡಿದೀನಿ. ಅವರ ಬಲಗೈ ತೋರುಬೆರಳಿಗೆ ಎರಡು ಗಿಣ್ಣು ಇಲ್ಲ. ಚಿಕ್ಕವರಿದ್ದಾಗ ನಮ್ಮನ್ನು ನಗಿಸೋಕೆ ಒಂದರಿಂದ ಒಂಬತ್ತೂವರೆ ತನಕ ಬೆರಳು ಎಣಿಸೋರು. ಅಪ್ಪ ಅಂದರು: "ಅವರಿಗೆ ಅದು ಹೊಟ್ಟೆಪಾಡು ಕಣೋ. ನಿನಗೆ ಇದು ಶೋಕಿ. ಶೋಕಿಗೆ ಯಾರಾದ್ರೂ ಬೆರಳು ಕೊಡ್ತಾರೇನೋ?"

ಆ ಮಾತು ಸರಿಯಾಗೇ ತಾಕಿತು. ನಮ್ಮೆಲ್ಲರ ಅನ್ನ ಕೀಬೋರ್ಡ್ ಮೇಲೆ ಓಡುವ ಬೆರಳಲ್ಲೇ ಇದೆ. ಮಾರ್ಬಲ್ ಕಟ್ಟರ್ ಎತ್ತಿಟ್ಟೆ. ಆಮೇಲೆ ನಾಲ್ಕು ತಿಂಗಳು ಓದಿ, ಅಂಗಡಿ ಸುತ್ತಿ, ಕೈಯಲ್ಲಿ ಹಿಡಿದು ನೋಡಿ ತಿಳ್ಕೊಂಡಿದ್ದನ್ನು ಇವತ್ತು ನಿಮ್ಮ ಮುಂದೆ ಇಡ್ತಿದೀನಿ.

ಮೊದಲನೇ ಮಾತು: ನಿಮಗೆ ಈ ಮಷಿನ್ ಬೇಕೇ ಬೇಕಾ? ಜೀವಮಾನಕ್ಕೆ ಒಂದೇ ಪುಸ್ತಕದ ಕಪಾಟು ಮಾಡೋದಾದರೆ ಬೇಡ. ಕೆಲವು ಪ್ಲೈವುಡ್ ಅಂಗಡಿಯವರು ದೊಡ್ಡ ಮಷಿನ್‌ನಲ್ಲಿ ಅಳತೆಗೆ ಕೊಯ್ದು ಕೊಡ್ತಾರೆ. ಇಲ್ಲಿ ಪುಣೆಯಲ್ಲಾದರೆ ಭವಾನಿ ಪೇಠದ ಟಿಂಬರ್ ಮಾರ್ಕೆಟ್‌ನಲ್ಲಿ ವಿಚಾರಿಸಿ. ಯಾವ ತುಂಡು ಎಷ್ಟು ಉದ್ದ, ಎಷ್ಟು ಅಗಲ ಅಂತ ಮಿಲಿಮೀಟರ್‌ನಲ್ಲಿ ಬರೆದ ಚೀಟಿ ತಗೊಂಡು ಹೋಗಿ. ಬಾಗಿದ ಗೆರೆ ಕೊಯ್ಯಬೇಕಾದರೆ ಅದಕ್ಕೆ ಜಿಗ್ ಸಾ ಬೇಕು, ಇದಲ್ಲ. ಇದು ನೆಟ್ಟಗಿನ ಗೆರೆಯ ಮಷಿನ್. ಇವತ್ತು ಟೇಬಲ್, ಮುಂದಿನ ವರ್ಷ ಶೂ ರ‍್ಯಾಕ್, ಆಮೇಲೆ ಮಂಚ ಅಂತ ಮುಂದುವರಿಯೋ ಆಸೆ ಇದ್ದರೆ ಮಾತ್ರ ತಗೊಳ್ಳಿ.

ಎರಡನೇದು: ಎಲ್ಲಿ ಕೊಯ್ತೀರಿ? ವೈರ್ ಇರುವ ಮಷಿನ್‌ಗೆ ಅದೇ ದುಡ್ಡಿಗೆ ಜಾಸ್ತಿ ಶಕ್ತಿ ಇರುತ್ತೆ, ಬ್ಯಾಟರಿ ಚಿಂತೆ ಇಲ್ಲ. ಸ್ವಂತ ಮನೆ, ಅಂಗಳ, ಹತ್ತಿರದಲ್ಲಿ ಪ್ಲಗ್ ಇದ್ದರೆ ಕಣ್ಣುಮುಚ್ಚಿ ಅದನ್ನೇ ತಗೊಳ್ಳಿ. ನಮ್ಮಂಥವರ ಕಥೆ ಬೇರೆ. ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಶೀಟು 1 ಬಿಎಚ್‌ಕೆ ಹಾಲ್‌ನಲ್ಲಿ ಹಾಸಿದರೆ ಆಮೇಲೆ ನಾವೇ ಹೊರಗೆ ನಿಲ್ಲಬೇಕು. ಕೊಯ್ಯೋದು ಟೆರೇಸ್ ಮೇಲೋ, ಪಾರ್ಕಿಂಗ್‌ನಲ್ಲೋ. ಅಲ್ಲಿ ಪ್ಲಗ್ ಇರಲ್ಲ. ಬ್ಯಾಟರಿ ಮಷಿನ್ ತಗೊಳ್ಳೋಕೆ ನನಗೆ ಇದ್ದ ನಿಜವಾದ ಕಾರಣ ಇದೊಂದೇ. ಬ್ಯಾಟರಿ ಅಂದ ಮಾತ್ರಕ್ಕೆ ಸದ್ದು ಕಡಿಮೆ ಅಂದ್ಕೋಬೇಡಿ. ಕಿರಿಚೋದು ಮೋಟಾರಿಗಿಂತ ಹೆಚ್ಚಾಗಿ ಬ್ಲೇಡ್. ಸೊಸೈಟಿಯವರನ್ನು ಮೊದಲೇ ಕೇಳಿ, ಮಧ್ಯಾಹ್ನ ಮಲಗೋ ಹೊತ್ತು ಬಿಟ್ಟು ಕೆಲಸ ಮಾಡಿ.

ಮೂರನೇದು ಬ್ಲೇಡಿನ ಅಳತೆ. ಸಾಮಾನ್ಯವಾಗಿ ಮೂರು ಅಳತೆ ಸಿಗುತ್ತೆ. 136 ಮಿಲಿಮೀಟರ್ ಚಿಕ್ಕದು, ಹಗುರ. ಸುಮಾರು 50 ಮಿಲಿಮೀಟರ್ ಆಳ ಕೊಯ್ಯುತ್ತೆ. 165ರದ್ದು ಸುಮಾರು 55ರಿಂದ 57. 185ರದ್ದು 65ರ ಆಸುಪಾಸು, ಆದರೆ ಭಾರ, ಬ್ಯಾಟರಿಯನ್ನೂ ಜಾಸ್ತಿ ಕುಡಿಯುತ್ತೆ. ಈಗ ಯೋಚನೆ ಮಾಡಿ. ಮನೆಯಲ್ಲಿ ನಾವು ಕೊಯ್ಯೋದು ಬಹುಪಾಲು 12 ಅಥವಾ 18 ಮಿಲಿಮೀಟರ್ ಪ್ಲೈವುಡ್. ಎರಡು ಹಲಗೆ ಒಂದರ ಮೇಲೊಂದು ಇಟ್ಟರೂ 36. ಬ್ಲೇಡನ್ನು 45 ಡಿಗ್ರಿಗೆ ಓರೆ ಮಾಡಿದಾಗ ಆಳ ಕಡಿಮೆ ಆಗುತ್ತೆ ಅನ್ನೋದನ್ನು ಲೆಕ್ಕಕ್ಕೆ ತಗೊಂಡರೂ 165 ಸಾಕು ಸಾಕು. ನನ್ನ ಹತ್ತಿರ ಇರೋದೂ ಅದೇ. ಬರೀ ಪ್ಲೈವುಡ್ ಮಾತ್ರ ಅನ್ನೋರಿಗೆ 136 ಕೂಡ ನಡೆಯುತ್ತೆ. ದೊಡ್ಡದು ಇದ್ದರೆ ಒಳ್ಳೇದಲ್ವಾ ಅಂತ 185ಕ್ಕೆ ಹೋಗೋದು, ಇಬ್ಬರ ಸಂಸಾರಕ್ಕೆ ಮದುವೆ ಮನೆ ಕೊಳಗ ತಂದ ಹಾಗೆ.

ನಾಲ್ಕನೇದು ಬ್ಯಾಟರಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದ್ರೆ ದುಡ್ಡು ಹೋಗೋದು ಇಲ್ಲೇ. ಒಂದು ಪೆಟ್ಟಿಗೆ ಮೇಲೆ 18 ವೋಲ್ಟ್ ಅಂತ ಇರುತ್ತೆ, ಇನ್ನೊಂದರ ಮೇಲೆ 20 ವೋಲ್ಟ್ ಮ್ಯಾಕ್ಸ್. ಎರಡೂ ಒಂದೇ. ಒಳಗೆ 3.6 ವೋಲ್ಟಿನ ಐದು ಸೆಲ್ ಸಾಲಾಗಿ ಇರುತ್ತೆ. ಐದು ಮೂರೂವರೆ ಚಿಲ್ಲರೆ 18. ಪೂರ್ತಿ ಚಾರ್ಜ್ ಆದಾಗ ಪ್ರತಿ ಸೆಲ್ ನಾಲ್ಕು ವೋಲ್ಟ್ ದಾಟುತ್ತೆ, ಅದಕ್ಕೇ 20 ಅಂತ ಬರೀತಾರೆ. ನೋಡಬೇಕಾದ್ದು ಆಂಪಿಯರ್ ಅವರ್. 2 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಸೆಲ್‌ಗಳ ಒಂದೇ ಸಾಲು. ಪೂರ್ತಿ ಹೊರೆ ಆ ಒಂದು ಸಾಲಿನ ಮೇಲೆ. 4 ಅಥವಾ 5ರದ್ದರಲ್ಲಿ ಸಾಮಾನ್ಯವಾಗಿ ಎರಡು ಸಾಲು, ಹೊರೆ ಅರ್ಧ ಅರ್ಧ ಹಂಚಿಕೊಳ್ಳುತ್ತೆ. ನಮ್ಮ ಭಾಷೆಯಲ್ಲಿ ಲೋಡ್ ಬ್ಯಾಲೆನ್ಸಿಂಗ್. ಡ್ರಿಲ್‌ಗೆ 2 ಸಾಕು. ಗರಗಸಕ್ಕೆ ಅದನ್ನು ಹಾಕಿದರೆ ನಡುವೆಯೇ ಬಿಸಿಯಾಗಿ ಮುಗ್ಗರಿಸುತ್ತೆ.

ಒಂದು ಸಣ್ಣ ಲೆಕ್ಕ. 18 ವೋಲ್ಟ್, 5 ಆಂಪಿಯರ್ ಅವರ್ ಗುಣಿಸಿದರೆ 90 ವಾಟ್ ಅವರ್. ಕೊಯ್ಯುವಾಗ ಮಷಿನ್ 700 ವಾಟ್ ಎಳೆಯುತ್ತೆ ಅಂತ ಇಟ್ಕೊಂಡರೆ ಏಳೂವರೆ ನಿಮಿಷ ಚಿಲ್ಲರೆ. ಬರೀ ಏಳು ನಿಮಿಷನಾ ಅನ್ನಬೇಡಿ. ಎಂಟು ಅಡಿ ಪ್ಲೈವುಡ್ ಉದ್ದಕ್ಕೆ ಕೊಯ್ಯೋಕೆ ಅರ್ಧ, ಮುಕ್ಕಾಲು ನಿಮಿಷ. ಹತ್ತು ಉದ್ದನೆಯ ಕೊಯ್ತ ಆರಾಮಾಗಿ ಬರುತ್ತೆ. ಅಳತೆ ಹಾಕಿ, ಗೆರೆ ಎಳೆದು, ಟೀ ಕುಡಿದು ಕೆಲಸ ಮಾಡೋ ನಮಗೆ ಒಂದು ಭಾನುವಾರಕ್ಕೆ ಅಷ್ಟು ಸಾಕು.

ಇನ್ನೊಂದು ಮುಖ್ಯ ವಿಷಯ: ನೀವು ತಗೊಳ್ತಿರೋದು ಬರೀ ಮಷಿನ್ ಅಲ್ಲ, ಬ್ಯಾಟರಿಯ ಮನೆತನ. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದಕ್ಕೆ ಕೂರಲ್ಲ. ಒಂದೇ ಕಂಪನಿಯೊಳಗೂ ಪಂಗಡ ಇರುತ್ತೆ. ಬಾಷ್‌ನ ನೀಲಿ ಬಣ್ಣದ 18 ವೋಲ್ಟ್ ಬ್ಯಾಟರಿ ಹಸಿರು ಬಣ್ಣದ ಮಷಿನ್‌ಗೆ ಆಗಲ್ಲ. ಮಕಿಟಾದ 18 ವೋಲ್ಟಿನದು ಅದರ 40 ವೋಲ್ಟ್ ಮಷಿನ್‌ಗೆ ಆಗಲ್ಲ. ನಿಮ್ಮ ಮನೆಯಲ್ಲಿ ಈಗಾಗಲೇ ಬ್ಯಾಟರಿ ಡ್ರಿಲ್ ಇದ್ದರೆ ಅದೇ ಮನೆತನದ ಗರಗಸ ನೋಡಿ, ಬ್ಯಾಟರಿ ಇಲ್ಲದ ಬರೀ ಮಷಿನ್ ತಗೊಳ್ಳಿ, ದುಡ್ಡು ಉಳಿಯುತ್ತೆ. ಏನೂ ಇಲ್ಲದಿದ್ದರೆ ನಿಮ್ಮ ಊರಲ್ಲಿ ಯಾವುದರ ಸರ್ವಿಸ್ ಸೆಂಟರ್ ಹತ್ತಿರ ಇದೆ ನೋಡಿ. ಮೋಟಾರ್ ಬ್ರಶ್‌ಲೆಸ್ ಇದ್ದರೆ ಒಳ್ಳೇದು. ಅದೇ ಚಾರ್ಜಿನಲ್ಲಿ ಹೆಚ್ಚು ಕೊಯ್ಯುತ್ತೆ, ಕಾರ್ಬನ್ ಬದಲಿಸೋ ಕೆಲಸವೂ ಇಲ್ಲ.

ಐದನೇದು, ನನ್ನ ಹೆಬ್ಬೆರಳಿನ ಪ್ರಶ್ನೆ. ಆನ್‌ಲೈನ್ ಪಟ್ಟಿಯಲ್ಲಿ ವೋಲ್ಟು, ವಾಟು ದೊಡ್ಡ ಅಕ್ಷರದಲ್ಲಿ ಇರುತ್ತೆ. ಇದು ಎಲ್ಲೋ ಕೆಳಗೆ ಇರುತ್ತೆ. ಹುಡುಕಿ ಓದಿ. ಎಲೆಕ್ಟ್ರಿಕ್ ಬ್ರೇಕ್ ಇದೆಯಾ? ಇದ್ದರೆ ಸ್ವಿಚ್ ಬಿಟ್ಟು ಒಂದೆರಡು ಸೆಕೆಂಡಿಗೆ ಬ್ಲೇಡ್ ನಿಲ್ಲುತ್ತೆ. ಬ್ಲೇಡಿನ ಕೆಳಗಿನ ಕವಚ ಸ್ಪ್ರಿಂಗ್ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತಾ? ಸರ್ಕ್ಯುಲರ್ ಸಾದಲ್ಲಿ ಅದು ಇರುತ್ತೆ, ಮಾರ್ಬಲ್ ಕಟ್ಟರ್‌ನಲ್ಲಿ ಇರಲ್ಲ. ಅದರ ಮೇಲೆ ಕಟ್ಟರ್‌ನ ವೇಗ ನಿಮಿಷಕ್ಕೆ 12–13 ಸಾವಿರ ಸುತ್ತು. ಇದರದ್ದು ಸಾಮಾನ್ಯವಾಗಿ 5 ಸಾವಿರದ ಒಳಗೆ. ಕಲ್ಲಿಗೆ ಮಾಡಿದ್ದನ್ನು ಮರಕ್ಕೆ ತಂದರೆ ಏನಾಗುತ್ತೆ ಅಂತ ನನ್ನ ಕುರ್ಚಿಯನ್ನು ಕೇಳಿ.

ಆದ್ದರಿಂದ ಆನ್‌ಲೈನ್‌ನಲ್ಲೇ ತಗೊಳ್ಳೋದಾದರೂ ಒಂದು ಸಲ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿಯಿರಿ. ಪುಣೆಯವರಿಗೆ ರವಿವಾರ ಪೇಠದ ಬೋಹ್ರಿ ಆಳಿ ಇದೆ. ಬ್ಯಾಟರಿ ಹಾಕಿಸಿ ಎತ್ತಿ ನೋಡಿ, ಬ್ಯಾಟರಿ ಸೇರಿದಾಗ ಭಾರ ಬೇರೆಯೇ. ಸೇಫ್ಟಿ ಬಟನ್‌ಗೆ ನಿಮ್ಮ ಹೆಬ್ಬೆರಳು ಸಲೀಸಾಗಿ ತಲುಪುತ್ತಾ? ಗೆರೆ ಕಣ್ಣಿಗೆ ಕಾಣುತ್ತಾ? ಆಮೇಲೆ ಬ್ಯಾಟರಿ ತೆಗೆಸಿ, ಕವಚ ಎತ್ತಿ ಬಿಡಿ, ಟಪ್ ಅಂತ ಮುಚ್ಚಬೇಕು. ತಳದ ತಟ್ಟೆಗೂ ಬ್ಲೇಡಿಗೂ ಮೂಲೆಮಟ್ಟ ಹಿಡಿದು ನೋಡಿ.

ಆರನೇದು: ಬಜೆಟ್ ಪೂರ್ತಿ ಮಷಿನ್ ಮೇಲೆ ಸುರಿಯಬೇಡಿ. ಜೊತೆಗೆ ಬರೋ ಬ್ಲೇಡಿನಲ್ಲಿ ಸಾಮಾನ್ಯವಾಗಿ 24 ಹಲ್ಲು ಇರುತ್ತೆ. ಬೇಗ ಕೊಯ್ಯುತ್ತೆ, ಆದರೆ ಪ್ಲೈವುಡ್‌ನ ಅಂಚು ಸಿಬಿರು ಸಿಬಿರಾಗುತ್ತೆ. 40 ಅಥವಾ ಅದಕ್ಕಿಂತ ಹೆಚ್ಚು ಹಲ್ಲಿನ ತೆಳು ಬ್ಲೇಡ್ ಒಂದು ತಗೊಳ್ಳಿ. ನಡುವಿನ ತೂತಿನ ಅಳತೆ ನಿಮ್ಮ ಮಷಿನ್‌ಗೆ ಸರಿಹೊಂದುತ್ತಾ ಅಂತ ನೋಡಿ. ಈ ಮಷಿನ್‌ನ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತೆ, ಅದಕ್ಕೇ ಸಿಬಿರು ಏಳೋದು ಮೇಲ್ಮುಖದಲ್ಲಿ. ಹಲಗೆಯ ಚೆಂದದ ಮುಖ ಕೆಳಗೆ ಇರಲಿ. ನೆಟ್ಟಗೆ ಹೋಗೋಕೆ ಒಂದು ಅಲ್ಯೂಮಿನಿಯಂ ಪಟ್ಟಿ, ಎರಡು ಕ್ಲ್ಯಾಂಪ್.

ಇನ್ನು ನನ್ನ ಕುರ್ಚಿಗಳ ಬದಲಿಗೆ ಬಂದದ್ದು ಎರಡಿಂಚು ದಪ್ಪದ ಗಟ್ಟಿ ಫೋಮ್ ಹಲಗೆ, ಟೆರೇಸ್‌ಗೆ ಬಿಸಿಲು ತಡೆಯೋಕೆ ಹಾಸ್ತಾರಲ್ಲ, ಅದು. ನೆಲದ ಮೇಲೆ ಫೋಮ್, ಅದರ ಮೇಲೆ ಪ್ಲೈವುಡ್. ಬ್ಲೇಡಿನ ಆಳ ಹಲಗೆಗಿಂತ 3ರಿಂದ 5 ಮಿಲಿಮೀಟರ್ ಮಾತ್ರ ಜಾಸ್ತಿ. ಇಡೀ ಶೀಟಿಗೆ ಕೆಳಗಿಂದ ಆಸರೆ ಇರೋದರಿಂದ ಅದು ಬಗ್ಗಲ್ಲ, ಸೀಳು ಮುಚ್ಚಲ್ಲ, ಮಷಿನ್ ಹಿಂದಕ್ಕೆ ಎಗರೋ ಭಯ ಬಹಳ ಕಡಿಮೆ. ಆದರೂ ಬ್ಲೇಡಿನ ನೇರಕ್ಕೆ ಇರಬೇಡಿ, ಪಕ್ಕಕ್ಕೆ ಇರಿ. ಬ್ಲೇಡ್ ಬದಲಿಸುವಾಗ ಮೊದಲು ಬ್ಯಾಟರಿ ತೆಗೆಯಿರಿ. ಕನ್ನಡಕ, ಕಿವಿಗೆ ಮುಚ್ಚಳ, ಮೂಗಿಗೆ ಎನ್95 ಮಾಸ್ಕ್. ಮರದ ಪುಡಿ ನಿರುಪದ್ರವಿ ಅಲ್ಲ, ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲೇ ಇಟ್ಟಿದೆ.

ಹೋದ ದೀಪಾವಳಿಗೆ ಅಪ್ಪ ಮತ್ತೆ ಬಂದಿದ್ದರು. ಟೆರೇಸ್ ಮೇಲೆ ಶೂ ರ‍್ಯಾಕಿನ ಹಲಗೆ ಕೊಯ್ತಿದ್ದೆ. ನನ್ನ ಹೆಂಡತಿಯ ಕನ್ನಡಕ ಇಸ್ಕೊಂಡು ಹಾಕ್ಕೊಂಡು ಪಕ್ಕದಲ್ಲಿ ನಿಂತು ಪೂರ್ತಿ ನೋಡಿದರು. ಕೊನೆಗೆ ಹೇಳಿದ್ದು ಒಂದೇ ಮಾತು: "ಬಿಟ್ಟ ತಕ್ಷಣ ನಿಲ್ಲುತ್ತಲ್ಲ, ಅದು ಒಳ್ಳೇದು." ಯಾವ ಕಂಪನಿ ಅಂತಾಗಲಿ, ಎಷ್ಟು ವೋಲ್ಟ್ ಅಂತಾಗಲಿ ಕೇಳಲಿಲ್ಲ.

ನೀವು ಅಂಗಡಿಗೆ ಹೋದಾಗ ಅದೇ ಕ್ರಮದಲ್ಲಿ ನೋಡಿ. ಮೊದಲು ನಿಲ್ಲುತ್ತಾ, ಮುಚ್ಚಿಕೊಳ್ಳುತ್ತಾ. ಆಮೇಲೆ ಅಳತೆ, ಬ್ಯಾಟರಿ. ಆಫರ್ ಎಲ್ಲಕ್ಕಿಂತ ಕೊನೆಗೆ. ಈ ವಾರ ಹೋದ ಆಫರ್ ಮುಂದಿನ ಹಬ್ಬಕ್ಕೆ ಮತ್ತೆ ಬಂದೇ ಬರುತ್ತೆ, ಬೆರಳು ಬರಲ್ಲ.