ಎಲೆಯ ಚಿತ್ರ ನೋಡಿ ರೋಗ ಹೇಳುವ ಗಣಕಯಂತ್ರ



ಟೊಮೆಟೊ ಎಲೆಯ ಮೇಲೆ ಕಂದು ಚುಕ್ಕೆ ಕಂಡೊಡನೆ, ರೋಗ ಯಾವುದೆಂದು ತಿಳಿಯದೆ ಸಿಕ್ಕಿದ ಔಷಧಿಯನ್ನು ಸಿಂಪಡಿಸಿ ಹಣ ಕಳೆದುಕೊಳ್ಳುವುದುಂಟು. ಈಗ ಎಲೆಯ ಚಿತ್ರ ತೆಗೆದರೆ ರೋಗದ ಹೆಸರು ಹೇಳುವ ಮೊಬೈಲ್ ಆ್ಯಪ್‌ಗಳು ಬಂದಿವೆ. ಇವುಗಳ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು? ಇದಕ್ಕೆ ಉತ್ತರ ಇವುಗಳ ಹಿಂದಿರುವ ಸಂಶೋಧನೆಯಲ್ಲಿದೆ.

ಯಂತ್ರ ಕಲಿಯುವ ಬಗೆ

ಗಣಕಯಂತ್ರಕ್ಕೆ ರೋಗಲಕ್ಷಣಗಳನ್ನು ಯಾರೂ ವಿವರಿಸಿ ಹೇಳುವುದಿಲ್ಲ. ತಜ್ಞರು ರೋಗವನ್ನು ಗುರುತಿಸಿದ ಸಾವಿರಾರು ಚಿತ್ರಗಳನ್ನು ಅದಕ್ಕೆ ಒದಗಿಸುತ್ತಾರೆ. ಯಂತ್ರವು ಬಣ್ಣ, ಅಂಚು, ಚುಕ್ಕೆಯ ಆಕಾರ ಇವುಗಳನ್ನು ಅಂಕಿಗಳಾಗಿ ಗ್ರಹಿಸಿ, ತಪ್ಪಿದಾಗಲೆಲ್ಲ ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತ ಕಲಿಯುತ್ತದೆ.

ಗಣಕ ವಿಜ್ಞಾನಿ ಶರದ ಮೊಹಂತಿ ಅವರು ಡೇವಿಡ್ ಹ್ಯೂಸ್ ಮತ್ತು ಮಾರ್ಸೆಲ್ ಸಲಾತೆ ಅವರೊಂದಿಗೆ ನಡೆಸಿದ ಇಂಥ ಸಂಶೋಧನೆ 2016ರಲ್ಲಿ ಪ್ರಕಟವಾಯಿತು. ಇದರಲ್ಲಿ 14 ಬೆಳೆಗಳ, 26 ರೋಗಗಳ 54,306 ಚಿತ್ರಗಳನ್ನು ಬಳಸಲಾಯಿತು. ಕೆಲವು ಚಿತ್ರಗಳನ್ನು ಕಲಿಕೆಗೆ ಬಳಸದೆ ಪರೀಕ್ಷೆಗೆಂದು ಬೇರೆಯಾಗಿ ಇಡಲಾಗಿತ್ತು. ಅವುಗಳಲ್ಲಿ ಯಂತ್ರವು ಶೇಕಡಾ 99.35ರಷ್ಟನ್ನು ಸರಿಯಾಗಿ ಗುರುತಿಸಿತು.

ಹೊಲದಲ್ಲಿ ಬೀಳುವ ಪೆಟ್ಟು

ಆದರೆ ಬೇರೆ ಕಡೆ, ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಸರಿ ಉತ್ತರಗಳು ಶೇಕಡಾ 31ರ ಆಸುಪಾಸಿಗೆ ಇಳಿದವು. ಇದನ್ನು ಸಂಶೋಧಕರೇ ವರದಿ ಮಾಡಿದ್ದಾರೆ. ಕಲಿಕೆಯ ಚಿತ್ರಗಳಲ್ಲಿ ಕಿತ್ತ ಒಂಟಿ ಎಲೆಯೊಂದು ಒಂದೇ ಬಣ್ಣದ ಹಿನ್ನೆಲೆಯ ಮೇಲಿತ್ತು. ಹೊಲದಲ್ಲಾದರೋ ಬಿಸಿಲು, ನೆರಳು, ಮಣ್ಣು, ಕಳೆ, ಒಂದರ ಮೇಲೊಂದು ಬಿದ್ದ ಎಲೆಗಳು ಎಲ್ಲವೂ ಇರುತ್ತವೆ.

2022ರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಇದೇ ಸಂಗ್ರಹದ ಚಿತ್ರಗಳಲ್ಲಿ ಎಲೆಯನ್ನು ಬಿಟ್ಟು, ಹಿನ್ನೆಲೆಯ ಕೇವಲ 8 ಬಿಂದುಗಳ ಬಣ್ಣವನ್ನಷ್ಟೇ ತೋರಿಸಿದರೂ ಯಂತ್ರ ಶೇಕಡಾ 49ರಷ್ಟು ಸರಿ ಹೇಳಿತು. ಎಂದರೆ ಯಂತ್ರ ರೋಗವನ್ನು ಮಾತ್ರವಲ್ಲ, ಚಿತ್ರ ತೆಗೆದ ಜಾಗವನ್ನೂ ಕಲಿಯಬಲ್ಲದು.

ಪರಿಹಾರವೆಂದರೆ ಹೊಲದಲ್ಲೇ ತೆಗೆದ ಚಿತ್ರಗಳಿಂದ ಕಲಿಸುವುದು. ಆಫ್ರಿಕದ ಟಾಂಜಾನಿಯಾದಲ್ಲಿ ಮರಗೆಣಸಿನ 3 ರೋಗಗಳು ಮತ್ತು 2 ಬಗೆಯ ನುಸಿ ಬಾಧೆಯ ಮೇಲೆ ಹೀಗೆ ಮಾಡಿದ ಸಂಶೋಧನೆಯಲ್ಲಿ (2017) ಶೇಕಡಾ 93ರಷ್ಟು ನಿಖರತೆ ದೊರೆಯಿತು. ಆದರೂ ಮೊಬೈಲ್ ಹಿಡಿದು ಹೊಲಕ್ಕಿಳಿದಾಗ, ರೋಗ ಇನ್ನೂ ಸೌಮ್ಯವಾಗಿರುವ ಎಲೆಗಳನ್ನು ಗುರುತಿಸುವುದು ಯಂತ್ರಕ್ಕೆ ಕಷ್ಟವಾಯಿತು. ರೈತನಿಗೆ ಸಲಹೆ ಬೇಕಾಗುವುದು ಆ ಹಂತದಲ್ಲೇ.

ಗಮನಿಸಬೇಕಾದ ಅಂಶಗಳು

1. ಯಂತ್ರ ತಾನು ಕಲಿತ ಪಟ್ಟಿಯೊಳಗಿನ ಹೆಸರನ್ನೇ ಹೇಳುತ್ತದೆ. ಪಟ್ಟಿಯಲ್ಲಿಲ್ಲದ ರೋಗಕ್ಕೂ, ಪೋಷಕಾಂಶದ ಕೊರತೆಗೂ ಯಾವುದೋ ರೋಗದ ಹೆಸರು ಕೊಟ್ಟೀತು.

2. ನೇರ ಬಿಸಿಲು ಬೀಳದಂತೆ, ಒಂದೇ ಎಲೆ ಸ್ಪಷ್ಟವಾಗಿ ಕಾಣುವಂತೆ ಚಿತ್ರ ತೆಗೆಯಿರಿ. ಎಲೆಯ ಕೆಳಭಾಗ ಮತ್ತು ಇಡೀ ಗಿಡದ ಚಿತ್ರಗಳೂ ಇರಲಿ.

3. ಬಿಳಿನೊಣ, ನುಸಿಗಳಿಗಾಗಿ ಎಲೆ ಮಗುಚಿ ನೋಡಿ. ಬೇರನ್ನೂ ಪರೀಕ್ಷಿಸಿ.

4. ಹಲವು ಗಿಡಗಳ ಚಿತ್ರ ತೋರಿಸಿ. ಉತ್ತರ ಬದಲಾಗುತ್ತಿದ್ದರೆ ನಂಬಬೇಡಿ.

5. ಆ್ಯಪ್ ಹೇಳಿತೆಂದು ಔಷಧಿ ಕೊಳ್ಳಬೇಡಿ. ಚಿತ್ರಗಳೊಂದಿಗೆ ಬಾಧಿತ ಗಿಡವನ್ನೂ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ತೋರಿಸಿ.

ವಿಸ್ತರಣಾ ಕಾರ್ಯಕರ್ತರು ತಮ್ಮ ಭಾಗದ ಹೊಲಗಳಲ್ಲಿ ತೆಗೆದ ಚಿತ್ರಗಳಿಗೆ ತಜ್ಞರಿಂದ ಸರಿಯಾದ ಹೆಸರು ಬರೆಸಿ, ದಿನಾಂಕ ಮತ್ತು ತಳಿಯೊಡನೆ ಕೂಡಿಟ್ಟರೆ, ಮುಂದೆ ಯಂತ್ರಕ್ಕೆ ಅದೇ ಪಠ್ಯಪುಸ್ತಕವಾದೀತು. ಅಲ್ಲಿಯವರೆಗೆ ಯಂತ್ರದ ಮಾತು ಸುಳಿವು ಮಾತ್ರ. ತೀರ್ಮಾನ ಹೊಲ ನೋಡಿದವರದ್ದಾಗಿರಲಿ.