ಛತ್ರದ ಯಜಮಾನನ ಹೊಣೆ
(ಮಾತೆ ಮರಿಯಮ್ಮನವರ ಜನನೋತ್ಸವದ ಪ್ರಬೋಧನೆ)



ಒಂಬತ್ತು ದಿನಗಳ ನವೇನವನ್ನು ಮುಗಿಸಿ ಇಂದು ನಾವು ಮಾತೆ ಮರಿಯಮ್ಮನವರ ಹುಟ್ಟುಹಬ್ಬವನ್ನು ಆಚರಿಸುತ್ತಿದ್ದೇವೆ. ಬಲಿಪೂಜೆಯ ನಂತರ ಮನೆಮನೆಗಳಲ್ಲಿ ಹಬ್ಬದೂಟವಿದೆ, ನೆಂಟರಿಷ್ಟರು ಬಂದಿದ್ದಾರೆ. ಕಾನಾ ಊರಿನ ಮದುವೆಮನೆಯಲ್ಲಿ ದ್ರಾಕ್ಷಾರಸದ ಕೊರತೆ ಈ ತಾಯಿಯ ಕಣ್ಣಿಗೆ ಬಿತ್ತು. ಅದೇ ತಾಯಿ ಇಂದು ನಮ್ಮ ಮನೆಗೆ ಬಂದರೆ ಏನನ್ನು ಕಂಡಾರು? ತೇರು ಮುಗಿದು ಎಷ್ಟು ಹೊತ್ತಾದರೂ ಬಾರದ ಗಂಡನಿಗಾಗಿ ಬಾಗಿಲಲ್ಲಿ ಕಾದು ನಿಂತ ಹೆಂಡತಿಯನ್ನು ಕಂಡಾರು. ತೂರಾಡುತ್ತಲೇ ಬೈಕ್ ಏರುವ ಮಗನನ್ನೂ ಕಂಡಾರು.

ಧರ್ಮಸಭೆ ದ್ರಾಕ್ಷಾರಸವನ್ನೇ ಪಾಪವೆಂದು ಹೇಳಿಲ್ಲ. ಅದನ್ನು ನಾವು ಬಲಿಪೀಠದ ಮೇಲೆ ಅರ್ಪಿಸುತ್ತೇವೆ. ಆದರೆ 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವು (ಸಂಖ್ಯೆ 2290) ಕುಡಿದ ಅಮಲಿನಲ್ಲಿ ರಸ್ತೆಯ ಮೇಲೆ ತನ್ನ ಮತ್ತು ಇತರರ ಜೀವಕ್ಕೆ ಅಪಾಯ ತರುವವನು ಗುರುತರ ಅಪರಾಧಿಯೆಂದು ಸ್ಪಷ್ಟವಾಗಿ ಕಲಿಸುತ್ತದೆ. ಕುಡಿಯುವವರಿಗೆ ಈ ಬೋಧನೆಯನ್ನು ನಾವು ಎಷ್ಟೋ ಸಲ ಹೇಳಿದ್ದೇವೆ. ಇಂದು ಕುಡಿಸುವವರ ಬಗ್ಗೆ ಯೋಚಿಸೋಣ.

ಸಂತ ಲೂಕನ ಶುಭಸಂದೇಶದ ಸಮಾರಿಯದವನ ಸಾಮತಿ ನಮಗೆಲ್ಲ ಗೊತ್ತು. ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ಅವನು ಎಣ್ಣೆ ಮತ್ತು ದ್ರಾಕ್ಷಾರಸ ಹಾಕಿ ಪಟ್ಟಿಕಟ್ಟಿದ, ಛತ್ರಕ್ಕೆ ಕರೆತಂದ. ಮರುದಿನ ಎರಡು ನಾಣ್ಯ ಕೊಟ್ಟು, ಇವನನ್ನು ನೋಡಿಕೋ ಎಂದು ಛತ್ರದ ಯಜಮಾನನಿಗೆ ಒಪ್ಪಿಸಿದ. ಈ ಯಜಮಾನನನ್ನು ನಾವು ಹೆಚ್ಚಾಗಿ ಗಮನಿಸುವುದಿಲ್ಲ. ಅವನದು ವ್ಯಾಪಾರ, ನಿಜ. ಆದರೂ ಒಬ್ಬ ಮನುಷ್ಯನ ಪ್ರಾಣವನ್ನು ಅವನ ಕೈಗೆ ಒಪ್ಪಿಸಲಾಗಿತ್ತು.

ಇದಕ್ಕೆ ವಿರುದ್ಧವಾದ ಘಟನೆಯೊಂದು 1968ರಲ್ಲಿ ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ ನಡೆಯಿತು. ಒಬ್ಬ ಗಿರಾಕಿ ಅತಿಯಾಗಿ ಕುಡಿಯುತ್ತಾನೆಂದು ಆ ಹೋಟೆಲಿನವರಿಗೆ ಚೆನ್ನಾಗಿ ತಿಳಿದಿತ್ತು. ಜವಾಬ್ದಾರರು ಜೊತೆಗಿಲ್ಲದಿದ್ದರೆ ಅವನಿಗೆ ಮದ್ಯ ಕೊಡಬಾರದೆಂದು ಕೆಲಸಗಾರರಿಗೆ ಸೂಚನೆಯೂ ಇತ್ತು. ಆದರೂ ಆ ರಾತ್ರಿ ಅಮಲೇರುವ ತನಕ ಕೊಟ್ಟರು. ಆಮೇಲೆ ಗಲಾಟೆ ಮಾಡುತ್ತಾನೆಂದು ಹೊರಹಾಕಿದರು. ಕತ್ತಲೆಯ ಹೆದ್ದಾರಿಯಲ್ಲಿ ನಡೆದುಹೋಗುತ್ತಿದ್ದ ಅವನಿಗೆ ಕಾರೊಂದು ಡಿಕ್ಕಿ ಹೊಡೆಯಿತು. 1973ರಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ತಪ್ಪನ್ನು ಮೂರು ಸಮಪಾಲು ಮಾಡಿದ ತೀರ್ಪನ್ನು ಎತ್ತಿಹಿಡಿಯಿತು: ಒಂದು ಪಾಲು ಕುಡಿದವನದು, ಒಂದು ಕಾರಿನವನದು, ಒಂದು ಹೋಟೆಲಿನವರದು. ಹಣ ಎಣಿಸಿಕೊಂಡು ಬಾಗಿಲು ಹಾಕಿದರೆ ಹೊಣೆ ಮುಗಿಯುವುದಿಲ್ಲವೆಂದು ನ್ಯಾಯಾಲಯ ಹೇಳಿದಂತಾಯಿತು.

ನಮ್ಮ ಕಾನೂನೂ ಸುಮ್ಮನಿಲ್ಲ. ಅಮಲೇರಿದವನಿಗೆ ಮತ್ತೆ ಮದ್ಯ ಮಾರುವುದು, ಮಕ್ಕಳಿಗೆ ಮಾರುವುದು, ಅಂಗಡಿಯೊಳಗೆ ಕುಡಿದು ಗದ್ದಲವೆಬ್ಬಿಸಲು ಬಿಡುವುದು ಕರ್ನಾಟಕದ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿದಾರನ ಅಪರಾಧ. ಯಾವುದೇ ವ್ಯಾಪಾರ ನೆರೆಹೊರೆಯವರ ಆರೋಗ್ಯಕ್ಕೂ ನೆಮ್ಮದಿಗೂ ಕಂಟಕವಾದರೆ, ಅದನ್ನು ಹತೋಟಿಗೆ ತರಲು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ಆದೇಶ ಹೊರಡಿಸಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು ಈ ಅಧಿಕಾರ ನೀಡುತ್ತದೆ. ಆದ್ದರಿಂದ ಬೀದಿಯಲ್ಲಿ ಹೆಣ್ಣುಮಕ್ಕಳು ನಡೆದಾಡಲು ಅಂಜುವಂತಾದರೆ ನಾವು ಗೊಣಗುತ್ತಾ ಕೂರಬೇಕಾಗಿಲ್ಲ. ನೆರೆಯವರೆಲ್ಲ ಸೇರಿ, ದಿನಾಂಕ ಮತ್ತು ಸಮಯ ಬರೆದು, ಸಹಿ ಹಾಕಿ ಅರ್ಜಿ ಕೊಡೋಣ. ದ್ವೇಷ ಬೇಡ, ಕಲ್ಲೆಸೆತ ಬೇಡ. ರಾತ್ರಿ 10ರ ನಂತರ ಬಾರಿನ ಧ್ವನಿವರ್ಧಕ ನಿಲ್ಲಬೇಕೆನ್ನುವ ನಾವು, ಅದೇ ನಿಯಮ ನಮ್ಮ ಹಬ್ಬದ ಧ್ವನಿವರ್ಧಕಕ್ಕೂ ಇದೆಯೆಂಬುದನ್ನು ಮರೆಯದಿರೋಣ.

ಈ ವ್ಯಾಪಾರದಲ್ಲಿರುವವರು, ಬಾರುಗಳಲ್ಲಿ ದುಡಿದು ಸಂಸಾರ ಸಾಕುವವರು ನಮ್ಮ ನಡುವೆಯೂ ಇರಬಹುದು. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಸಾಕು ಎಂದು ಹೇಳಿ ಲೋಟ ತೆಗೆದಿಡಲು, ವಾಹನದ ಕೀಲಿ ಪಡೆದು ಆಟೋ ಕರೆಸಲು, ಮನೆಯವರಿಗೆ ಫೋನ್ ಮಾಡಲು ಅವರಿಗೆ ಸಾಧ್ಯವಿದೆ. ಗಿರಾಕಿಗೆ ಸಾಕು ಎಂದ ಕೆಲಸದ ಹುಡುಗನನ್ನು ಯಜಮಾನ ಬಯ್ಯದಿದ್ದರೆ ಅದೇ ದೊಡ್ಡ ಪುಣ್ಯ. ಸಮಾರಿಯದವನು ಒಪ್ಪಿಸಿದ ಕೆಲಸ ಇದೇ ತಾನೇ?

ಹಾಗಾದರೆ ನಮ್ಮ ಮನೆಗಳು? ಕೆನಡಾದಲ್ಲೇ ಒಂದು ಮನೆಯ ಪಾರ್ಟಿಯಿಂದ ಕುಡಿದು ಹೊರಟವನ ಕಾರು ಇನ್ನೊಂದು ಕಾರಿಗೆ ಗುದ್ದಿತು. ಒಬ್ಬರು ತೀರಿಕೊಂಡರು, ಯುವತಿಯೊಬ್ಬಳು ನಡೆಯುವ ಶಕ್ತಿಯನ್ನೇ ಕಳೆದುಕೊಂಡಳು. ಆತಿಥ್ಯ ನೀಡಿದ ಮನೆಯವರಿಗೆ ಕಾನೂನಿನ ಹೊಣೆಯಿಲ್ಲವೆಂದು ಅದೇ ನ್ಯಾಯಾಲಯ 2006ರಲ್ಲಿ ತೀರ್ಪಿತ್ತಿತು. ಕಾನೂನು ಮನೆಯ ಹೊಸ್ತಿಲಲ್ಲಿ ನಿಂತಿತು. ಶುಭಸಂದೇಶ ಹೊಸ್ತಿಲು ದಾಟಿ ಒಳಗೆ ಬರುತ್ತದೆ. ನಿನ್ನ ನೆರೆಯವನು ಯಾರು ಎಂದು ಊಟದ ಮೇಜಿನ ಬಳಿಯೇ ಕೇಳುತ್ತದೆ. ಜ್ಞಾನಸ್ನಾನ, ಮೊದಲ ಪರಮಪ್ರಸಾದ, ಮದುವೆಯ ಔತಣಗಳಲ್ಲಿ ಇನ್ನೊಂದೇ ಒಂದು ಎಂದು ಬಲವಂತ ಮಾಡುವವರು ನಾವೇ. ಬೇಡವೆಂದವನನ್ನು ಗೇಲಿ ಮಾಡುವವರೂ ನಾವೇ. ಕುಡಿತ ಬಿಡಲು ಹೆಣಗುತ್ತಿರುವ ಸಹೋದರನಿಗೆ ಆ ಒಂದು ಲೋಟವೇ ಮತ್ತೆ ಬೀಳುವ ಗುಂಡಿಯಾದೀತು.

ಆದಕಾರಣ ಪ್ರಿಯರೇ, ಈ ಹಬ್ಬದಂದು ನಾವೊಂದು ನಿರ್ಧಾರ ಮಾಡೋಣ. ನಮ್ಮ ಕೈಯಿಂದ ಕುಡಿದವರು ಕ್ಷೇಮವಾಗಿ ಮನೆ ಸೇರುವ ತನಕ ಅವರು ನಮ್ಮ ಹೊಣೆ. ಕುಡಿದವರ ಕೈಗೆ ವಾಹನದ ಕೀಲಿ ಕೊಡೆವು, ಬೇಡವೆಂದವರನ್ನು ಒತ್ತಾಯಿಸೆವು. ಕಾನಾ ಊರಿನಲ್ಲಿ ಆ ಮನೆಯ ಮಾನವನ್ನು ಕಾಯ್ದ ಮಾತೆ ನಮ್ಮ ಕುಟುಂಬಗಳನ್ನೂ ಕಾಯಲಿ. ಮಗನಾದ ಯೇಸುಸ್ವಾಮಿ ಹೇಳಿದಂತೆ ನಡೆಯುವ ಮನಸ್ಸನ್ನು ನಮಗೆ ಬೇಡಿ ಕೊಡಲಿ.

ನಿಮಗೆಲ್ಲರಿಗೂ ಹಬ್ಬದ ಶುಭಾಶಯಗಳು. ಆಮೆನ್.